ಗೂಡಲೂರಿನ ಹತ್ತೂವರೆ ಗಂಟೆಯ ಟಿವಿ

ಕೇಬಲ್ ಟಿವಿಯಲ್ಲಿ ಕನ್ನಡ ಕಾರ್ಯಕ್ರಮ ನಡೆಸುವುದು ನನ್ನ ಕೈಲಾಗದು ಎಂದವರಲ್ಲಿ ಮೊದಲಿಗ ನಮ್ಮಣ್ಣ. “ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಟಿವೀಲಿ ಏನು ಓದ್ತೀಯೇ?” ಎಂದ. ತಮಿಳುನಾಡಿಗೆ ಸೇರಿದ ನಮ್ಮ ಗೂಡಲೂರಿನ ಕೇಬಲ್ ಮಾಲೀಕರು ನಯವಾಗಿ ಹೇಳಿದರು: “ರಾತ್ರಿ ಹತ್ತೂವರೆಗೆ ಕೊಡ್ತೀನಮ್ಮ. ಆ ಹೊತ್ತಲ್ಲಿ ಕನ್ನಡ ಯಾರು ನೋಡ್ತಾರೆ? ಒಂದೂ ಫೋನ್ ಬರದ ರಾತ್ರಿಗೇ ನಿಲ್ಲಿಸಿಬಿಡ್ತೀನಿ.”

ಕೇಬಲ್ ಆಫೀಸಿನ ಗೋಡೆಗೆ ನನ್ನದೇ ನೀಲಿ ಸೀರೆ ಕಟ್ಟಿ ಅದರ ಮುಂದೆ ಕೂತೆ. ಹಳೆಯ ಪತ್ರಿಕೆಗಳಲ್ಲಿ ಓದಿದ್ದನ್ನು ಹೇಳುವುದು, ಜನ ಫೋನ್ ಮಾಡಿ ಕೇಳಿದ ಹಾಡು ಹಾಕುವುದು ನನ್ನ ಕೆಲಸ. ಕೋಣೆಯಲ್ಲಿ ಒಬ್ಬಳೇ ಕೂತು ಊರಿನ ಜೊತೆ ಮಾತಾಡುವವಳಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

೧. ಊಟದ ವಿಚಾರ

ದಿನವೂ “ಎಲ್ಲರದೂ ಊಟ ಆಯ್ತಾ?” ಎಂದೇ ಶುರು ಮಾಡುತ್ತಿದ್ದೆ. ಒಂದು ಸಂಜೆ ಯಾರೋ ಅಜ್ಜಿ ಡಬ್ಬಿ ಹಿಡಿದು ಆಫೀಸಿಗೇ ಬಂದರು.

“ನೀನು ಕೇಳ್ತೀಯ, ನಾನು ಟಿವಿ ಮುಂದೆ ಕೂತು ಆಯ್ತು ಅಂತೀನಿ. ನಿಂದಾಯ್ತಾ ಅಂದ್ರೆ ಮಾತ್ರ ಉತ್ತರಾನೇ ಇಲ್ಲ. ಅಷ್ಟು ಜಂಬ ಯಾಕೆ?”

ನಿಜಕ್ಕೂ ನನ್ನದು ಆಗಿರಲಿಲ್ಲ. ನನ್ನ ಊಟ ವಿಚಾರಿಸಿದವರೂ ಅವರೊಬ್ಬರೇ. ಡಬ್ಬಿ ಕೈಗಿಟ್ಟು, “ಸಾರಿಗೆ ಉಪ್ಪು ಜಾಸ್ತಿ ಅಂತ ಇವತ್ತು ಟಿವೀಲಿ ಹೇಳು. ನಾನು ಹೇಳಿದ್ರೆ ಸೊಸೆ ಕೇಳಲ್ಲ,” ಎಂದರು.

೨. ಆನೆ ಬಂದ ರಾತ್ರಿ

ಆನೆಯೊಂದು ಕಂಬ ಉರುಳಿಸಿ ಊರಿಗೆಲ್ಲ ಕೇಬಲ್ ನಿಂತಿತ್ತು. ನನಗದು ಗೊತ್ತಿರಲಿಲ್ಲ. ಒಂದು ಗಂಟೆ ಮಾತಾಡಿದೆ, ನನ್ನ ತಮಾಷೆಗೆ ನಾನೇ ನಕ್ಕೆ. ಒಂದೂ ಫೋನ್ ಬರದಿದ್ದರೂ ಆನೆಯ ಕಾರಣಕ್ಕೆ ಮಾಲೀಕರು ಆ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬೆಳಿಗ್ಗೆ ಟೀ ಅಂಗಡಿಯವರು, “ನಿನ್ನೆ ಪ್ರೋಗ್ರಾಂ ಬಹಳ ಚೆನ್ನಾಗಿತ್ತು ಅಕ್ಕ,” ಎಂದರು.

“ನಿನ್ನೆ ಕೇಬಲ್ಲೇ ಇರಲಿಲ್ಲವಲ್ಲ ಅಣ್ಣ.”

ಅವರು ಲೋಟ ತೊಳೆಯುತ್ತಲೇ ಅಂದರು, “ಅದಕ್ಕೇ ಚೆನ್ನಾಗಿ ನಿದ್ದೆ ಬಂತು.”

೩. ಹೆಣ್ಣು ನೋಡಲು ಬಂದವರು

ಒಮ್ಮೆ ನನ್ನನ್ನು ನೋಡಲು ಬಂದ ಗಂಡಿನ ತಾಯಿ ಕೇಳಿದರು: “ಮದುವೆಯಾದ ಮೇಲೆ ರಾತ್ರಿ ಮನೇಲಿರ್ತೀಯೇನಮ್ಮ?”

“ಹತ್ತೂವರೆಗೆ ಟಿವಿ ಹಾಕಿ, ಅದರಲ್ಲಿ ಇರ್ತೀನಿ,” ಎಂದೆ. ಕಾಫಿ ಮುಗಿಸಿ ಎದ್ದುಹೋದರು. ಹುಡುಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ನಾನೂ ನೋಡಿದೆ.

ಮುಂದಿನ ಮಳೆಗಾಲದ ಒಂದು ರಾತ್ರಿ ಒಂದೂ ಫೋನ್ ಬರಲಿಲ್ಲ. ಮಾಲೀಕರು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು. ಆಗ ಫೋನ್ ಬಡಿಯಿತು. ಅದೇ ಹುಡುಗನ ದನಿ. ಹೊಸ ಹೆಂಡತಿಗಾಗಿ ಹಾಡು ಬೇಕಂತೆ. ಇಬ್ಬರಿಗೂ ಶುಭಾಶಯ ಹೇಳಿದೆ. ನನ್ನ ದನಿ ಸರಿಯಾಗಿಯೇ ಬಂತು.

ಹೆಂಡತಿ ಫೋನ್ ಕಸಿದುಕೊಂಡಳು. “ಅಕ್ಕಾ, ನಮ್ಮತ್ತೆ ನಿಮ್ಮನ್ನ ನೋಡದೆ ಮಲಗೋದೇ ಇಲ್ಲ. ಹೆಣ್ಣು ಅಂದ್ರೆ ಹಾಗಿರಬೇಕು ಅಂತ ನಂಗೆ ದಿನಾ ಬೈತಾರೆ.”

ಮಾಲೀಕರು ಸ್ವಿಚ್ಚಿನಿಂದ ಕೈ ತೆಗೆದರು. ಆ ಮನೆಯಲ್ಲಿ ಸೊಸೆಯನ್ನು ಬೈಸುವಷ್ಟು ಅಧಿಕಾರ ನನಗೆ ಸೊಸೆಯಾಗದೆಯೇ ಸಿಕ್ಕಿತ್ತು.

ಮಾಲೀಕರಿಂದ ಕೊಂಡ ಮೇಲೆ ಈಗ ಆ ಕೇಬಲ್ ಆಫೀಸು, ಕ್ಯಾಮೆರಾ, ಮಹಡಿಯಲ್ಲಿ ನಾನಿರುವ ಎರಡು ಕೋಣೆ ನನ್ನ ಹೆಸರಿನಲ್ಲಿವೆ. ಕೆಲಸ ಮುಗಿಸಿ ಮೇಲೆ ಹತ್ತಿದರೆ, ಬೀಗ ಹಾಕಿದವಳೂ ನಾನೇ, ತೆಗೆಯುವವಳೂ ನಾನೇ.