ನೈವೇದ್ಯವಾದ ಬಂಗಾರದ ಗುಳಿಗೆ

ದೇವರಿಗೆ ತೋರಿಸದೆ ಯಾವುದನ್ನೂ ಬಾಯಿಗಿಡಬಾರದೆಂಬ ನೇಮವನ್ನು ಉಪನಯನದ ದಿನ ನನ್ನ ತಂದೆಯವರು ನನಗೆ ವಿಧಿಸಿದರು. ಅವರ ಕಾಲಕ್ಕೆ ಅದು ಸುಲಭವಾಗಿತ್ತು. ಬಾಯಿಗಿಡುವ ಪದಾರ್ಥಗಳೆಂದರೆ ಅನ್ನ, ಸಾರು, ಹಬ್ಬಕ್ಕೊಂದು ಹೋಳಿಗೆ. ಎಪ್ಪತ್ತರ ಹತ್ತಿರದ ಮಂಡಿಗಳನ್ನು ಹೊತ್ತ ನನಗಾದರೋ ಗುಳಿಗೆಗಳೂ ಆಹಾರದ ಸಾಲಿಗೆ ಸೇರಿದವು. ಚಕ್ಕಳಮಕ್ಕಳ ಹಾಕಿ ಕುಳಿತು ಪಾರಾಯಣ ಮಾಡಬೇಕಾದರೆ ವೈದ್ಯರು ಕೊಟ್ಟ ನೋವಿನ ಮಾತ್ರೆ ಬೇಕು. ಅದರ ಜೊತೆಗೆ, ಕೀಲುಗಳಿಗೆ ಒಳ್ಳೆಯದೆಂದು ನನ್ನ ಭಾವಮೈದುನ ತಂದುಕೊಟ್ಟ ಡಬ್ಬಿಯೊಳಗಿನ ಗುಳಿಗೆ. ಜೇನಿನಂತೆ ಪಾರದರ್ಶಕ, ಬಂಗಾರದ ಬಣ್ಣ, ನೋಡಿದರೆ ಕೈಮುಗಿಯಬೇಕೆನಿಸುವಂಥದ್ದು. ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರಗಳು ಇರುವೆಗಿಂತ ಸಣ್ಣವಾದ್ದರಿಂದ ಓದುವ ಗೋಜಿಗೆ ಹೋಗಲಿಲ್ಲ. ಎರಡನ್ನೂ ಬೆಳ್ಳಿ ಬಟ್ಟಲಲ್ಲಿಟ್ಟು, ಮೇಲೊಂದು ತುಳಸಿ ಹಾಕಿ, ಸಾಲಿಗ್ರಾಮಕ್ಕೆ ನಿವೇದಿಸಿ, ತೀರ್ಥದೊಂದಿಗೆ ಒಟ್ಟಿಗೇ ನುಂಗುತ್ತಿದ್ದೆ. ಪ್ರಸಾದವನ್ನು ಕಂತುಗಳಲ್ಲಿ ಸ್ವೀಕರಿಸುವ ಪದ್ಧತಿ ನಮ್ಮಲ್ಲಿಲ್ಲ.

ಆ ದಿನಗಳಲ್ಲೇ ಮನೆಯಲ್ಲಿ ಮೀನಿನ ವಾಸನೆ ಸುಳಿಯತೊಡಗಿತು. ಅದೂ ಪೂಜೆ ಮುಗಿದ ಮೇಲೆ, ದೇವರ ಮನೆಯ ಬಾಗಿಲಲ್ಲೇ. ಬಿಡದಿಯ ಕಡೆ ಕಾರ್ಖಾನೆಗಳು ಎದ್ದ ಮೇಲೆ ರಾಮನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಮಹಡಿಯಲ್ಲಿ ಅಕ್ಕೂರಿನ ನಿಂಗರಾಜು ಎಂಬ ಕಾರ್ಖಾನೆಯ ನೌಕರ ಹೆಂಡತಿ, ಹಸುಗೂಸಿನೊಂದಿಗೆ ಇದ್ದ. ಮಾಂಸ, ಮೀನು ಬೇಯಿಸುವುದಿಲ್ಲವೆಂದು ಮಾತು ಕೊಟ್ಟೇ ಬಂದವನು. ಕರೆದು ವಿಚಾರಿಸಿದೆ.

"ದೇವ್ರಾಣೆಗೂ ಇಲ್ಲ ಐನೋರೆ. ಬರೀ ಸೊಪ್ಪಿನ್ ಸಾರು ಉಂಡು ಉಂಡು ಬಾಯಿ ಕೆಟ್ಟೋಗೈತೆ."

"ಹಾಗಾದರೆ ಈ ವಾಸನೆ ಎಲ್ಲಿಯದಪ್ಪ?"

"ನಮ್ಗೂ ಬತ್ತದೆ. ನೀವು ಅತ್ರ ನಿಂತು ಮಾತಾಡ್ದಾಗ ಒಸಿ ಜಾಸ್ತಿ ಬತ್ತದೆ."

ಇದು ಉದ್ಧಟತನವೆಂದು ತೀರ್ಮಾನಿಸಿ, ತಿಂಗಳೊಳಗೆ ಮನೆ ಖಾಲಿ ಮಾಡುವಂತೆ ಹೇಳಿಬಿಟ್ಟೆ. ಕಾರ್ಖಾನೆಯ ಬಸ್ಸು ನಿಲ್ಲುವ ಜಾಗಕ್ಕೆ ಇಷ್ಟು ಸಮೀಪದಲ್ಲಿ ಅವರಿಗೆ ಇನ್ನೊಂದು ಮನೆ ಸಿಗುವುದು ಸುಲಭವಿರಲಿಲ್ಲ. ಆದರೂ ಅವನ ಹೆಂಡತಿ ಅಂದು ಸಂಜೆಯೇ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಹೀಗಿರಲು ಒಂದು ಬೆಳಗ್ಗೆ ಕ್ಷೌರ ಮಾಡಿಕೊಳ್ಳುವಾಗ ಕೆನ್ನೆಗೊಂದು ಸಣ್ಣ ಗೀರು ಬಿತ್ತು. ಪಟಿಕದ ಕಲ್ಲು ತಿಕ್ಕಿದೆ, ಅರಿಶಿನ ಮೆತ್ತಿದೆ; ರಕ್ತ ನಿಲ್ಲಲೊಲ್ಲದು. ಅಂಗವಸ್ತ್ರವನ್ನು ಒತ್ತಿಕೊಂಡು ಸಹಧರ್ಮಿಣಿಯೊಡನೆ ವೈದ್ಯರಲ್ಲಿಗೆ ಹೋದೆ.

"ನಾನು ಕೊಟ್ಟ ಮಾತ್ರೆ ಬಿಟ್ಟು ಬೇರೆ ಔಷಧ ಏನಾದ್ರೂ ತಗೋತಿದ್ದೀರಾ?" ಎಂದು ಅವರು ಕೇಳಿದರು.

"ಇಲ್ಲ" ಎಂದೆ. ಸತ್ಯವನ್ನೇ ನುಡಿದೆ, ಪ್ರಸಾದವು ಔಷಧವಲ್ಲವಷ್ಟೆ. ಆದರೆ ನನ್ನಾಕೆ ಚೀಲದಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ವೈದ್ಯರು ಆ ಇರುವೆ ಸಾಲನ್ನು ಓದಿ ಒಂದು ಕ್ಷಣ ನನ್ನ ಮೈಮೇಲಿನ ಗೋಪೀಚಂದನದ ಮುದ್ರೆಗಳನ್ನು ನೋಡಿದರು.

"ಸ್ವಾಮಿ, ಇದು ಮೀನಿನ ಎಣ್ಣೆ. ತೇಗು ಬಂದಾಗ ಗೊತ್ತಾಗಿರಬೇಕಲ್ಲ? ರಕ್ತ ಹೆಪ್ಪುಗಟ್ಟೋದನ್ನ ಇದೂ ನಿಧಾನ ಮಾಡಬಹುದು, ಆ ನೋವಿನ ಮಾತ್ರೆಯೂ ಮಾಡಬಹುದು. ಮಾತ್ರೆಯಿಂದ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಿದರೆ ಕೆನ್ನೆ ಹಾಗೆ ಕಣ್ಣಿಗೂ ಕಾಣೋಲ್ಲ. ಸದ್ಯ ಎರಡೂ ನಿಲ್ಲಿಸಿ. ಅಂಗಡಿಯದಾಗಲಿ, ನೆಂಟರು ಕೊಟ್ಟಿದ್ದಾಗಲಿ, ನನ್ನನ್ನ ಕೇಳದೆ ಜೊತೆ ಮಾಡಬೇಡಿ."

ದಾರಿಯುದ್ದಕ್ಕೂ ನನಗೆ ಹೊಟ್ಟೆಯ ಚಿಂತೆಗಿಂತ ಸಾಲಿಗ್ರಾಮದ ಚಿಂತೆಯೇ ದೊಡ್ಡದಾಯಿತು. "ಸ್ವಾಮಿಯೇ ಒಮ್ಮೆ ಮತ್ಸ್ಯಾವತಾರ ಎತ್ತಿದವನು, ಕ್ಷಮಿಸಿಯಾನು" ಎಂದೆ.

"ಅವತಾರ ಎತ್ತಿದ್ದು ವೇದ ಉಳಿಸೋಕ್ಕೆ, ನಿಮ್ಮ ಮಂಡಿಗೆ ಎಣ್ಣೆ ಆಗೋಕ್ಕಲ್ಲ. ದೇವರ ಹತ್ರ ಆಮೇಲೆ ಅಡ್ಡಬೀಳೋರಂತೆ, ಮೊದಲು ಮಹಡಿ ಹತ್ತಿ" ಎಂದಳು.

ಹತ್ತಿದೆ. "ಈ ಮನೆಯಲ್ಲಿ ಮೀನು ಸೇವಿಸುತ್ತಿದ್ದವನು ನಾನೇ ಕಣಪ್ಪ. ನೀವು ಎಲ್ಲಿಗೂ ಹೋಗಬೇಡಿ" ಎಂದು ನಡೆದದ್ದನ್ನೆಲ್ಲ ಹೇಳಿದೆ. ನಿಂಗರಾಜುವಿನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅವನು ಮಾತ್ರ ಬಹಳ ವಿನಯದಿಂದ ತಲೆ ಕೆರೆದುಕೊಂಡ.

"ಅಂಗಾದ್ರೆ ಐನೋರೆ, ನೀವೇ ತಿಂದ್ಬುಟ್ಟ ಮ್ಯಾಕೆ... ಭಾನ್ವಾರ ನಾವೂ ಒಸಿ ಮಾಡ್ಕೋಬೌದಾ?"

ತರ್ಕ, ಮೀಮಾಂಸೆಗಳೆರಡನ್ನೂ ಓದಿದವನಾಗಿ ಆ ವಾದಕ್ಕೆ ತಲೆದೂಗಿದೆ. ಒಪ್ಪಿಕೊಂಡು ಕೆಳಗಿಳಿದೆ.

ಭಾನುವಾರ ಮಧ್ಯಾಹ್ನ ಮಹಡಿಯಿಂದ ವಾಸನೆ ನಿಸ್ಸಂಕೋಚವಾಗಿ ಇಳಿದು ಬಂತು. ಸಹಧರ್ಮಿಣಿ ಅಡುಗೆಮನೆಯಿಂದ ನೆಟ್ಟಗೆ ನನ್ನೆದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನಲ್ಲ, ಮಹಡಿಯವರು" ಎಂದೆ.

"ಆವಾಗ್ಲೂ ಹೀಗೇ ಅಂದಿದ್ರಿ. ಎಲ್ಲಿ, ಬಾಯಿ ತೆಗೀರಿ."

ತೆಗೆದೆ.