ಬಿಸಿಲಿನಲ್ಲಿ ಪ್ರವಾಹ ಅಳೆದ ಮಳೆಮಾಪಕದವರಿಗೆ

ಗೆ,
ಮಾನ್ಯ ಮಳೆಮಾಪಕ ಯಂತ್ರದವರು,
ಆಂಜನೇಯಸ್ವಾಮಿ ದೇವಸ್ಥಾನದ ಹಿಂದಿನ ದಿಬ್ಬ, ತಂತಿಬೇಲಿಯ ಒಳಗೆ,
ಚೀಮಲಗುಂಟೆ, ಮಂಡಿಕಲ್ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು.

ಮಾನ್ಯರೇ,

ತಮ್ಮ ಸೋಲಾರ್ ಫಲಕಕ್ಕೆ ಬಿಸಿಲೂ, ಪಕ್ಕದ ಆಲಿಕೆಗೆ ಮಳೆಯೂ ಕಾಲಕಾಲಕ್ಕೆ ಒದಗಲಿ, ತಮ್ಮ ಬೇಲಿಯೊಳಗೆ ಮೇಕೆಗಳು ನುಗ್ಗದಿರಲಿ ಎಂದು ಮೊದಲಿಗೆ ಹಾರೈಸಿ, ಊರಿನ ಪರವಾಗಿ ಎನ್ನಲು ಊರು ಒಪ್ಪದ ಕಾರಣ ನನ್ನೊಬ್ಬನ ಪರವಾಗಿಯೇ ಈ ದೂರನ್ನು ಬಹಿರಂಗವಾಗಿ ಬರೆದುಕೊಳ್ಳುತ್ತಿದ್ದೇನೆ. ತಮಗೆ ಓದು ಬರುವುದಿಲ್ಲವೆಂದು ಬಲ್ಲೆ. ಆದರೆ ಇದೇ ವಿಷಯವನ್ನು ಓದುಬರಹ ಬಲ್ಲವರಿಗೆ ಹೇಳಿ ಆದ ಪ್ರಯೋಜನವನ್ನು ನೋಡಿದ ಮೇಲೆ ತಮ್ಮ ವಿಳಾಸವೇ ಮೇಲೆನಿಸಿತು.

ಮರದ ನೆರಳಾಗಲಿ ಮನೆಯ ಗೋಡೆಯಾಗಲಿ ಅಡ್ಡಬಾರದ ಬಯಲು ಬೇಕೆಂದು ಹುಡುಕಿ, ಕೆಲವು ವರ್ಷಗಳ ಹಿಂದೆ ತಮ್ಮನ್ನು ಆ ದಿಬ್ಬದ ಮೇಲೆ ನಿಲ್ಲಿಸಿದರು. ಆಲಿಕೆಗೆ ಬಿದ್ದ ನೀರು ಒಳಗಿನ ಪುಟ್ಟ ತೊಟ್ಟಿಗಿಳಿಯುತ್ತದೆ. ತೊಟ್ಟಿ ತುಂಬಿ ಮಗುಚಿದಾಗಲೆಲ್ಲ ತಾವು ಒಂದು ಲೆಕ್ಕ ಹಾಕಿಕೊಂಡು, ಕಾಲುಗಂಟೆಗೊಮ್ಮೆ ಮೇಲಿನ ಕಚೇರಿಗೆ ಸುದ್ದಿ ಮುಟ್ಟಿಸುತ್ತೀರಿ. ಕೊಳವೆಬಾವಿಗಳು ಬತ್ತಿರುವ ನಮ್ಮೂರಿಗೆ ನೀರಿನ ಟ್ಯಾಂಕರ್ ಬರಬೇಕೋ ಬೇಡವೋ ಎಂಬುದು ತಮ್ಮ ಆ ಸುದ್ದಿಯನ್ನು ನೋಡಿಕೊಂಡೇ ತೀರ್ಮಾನವಾಗುತ್ತದೆ. ರಜೆ ಹಾಕದೆ, ಸಂಘ ಕಟ್ಟದೆ, ಯಾರ ಮನೆಯ ಕಾಫಿಯನ್ನೂ ಕುಡಿಯದೆ ಕೆಲಸ ಮಾಡುವವರನ್ನು ಊರು ಅನುಮಾನಿಸದೆ ಇನ್ನೇನು ಮಾಡೀತು?

ಅನುಮಾನಿಸಿದವರಲ್ಲಿ ಮೊದಲಿಗನು ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮುರಳಿಮೋಹನ್. ಮಳೆ ಅಳೆಯುವುದು ತಮಗೊಂದು ನೆಪವೆಂದೂ, ಕತ್ತಲಾದ ಮೇಲೆ ಮಿಣುಕುವ ತಮ್ಮ ಕೆಂಪು ದೀಪದಿಂದ ಒಂದು ಬಗೆಯ ತರಂಗ ಹೊರಟು ನಮ್ಮ ಪಾಲಿನ ಮೋಡಗಳನ್ನು ಗೌರಿಬಿದನೂರಿನ ಮೇಲಿಂದ ಹಾಯಿಸಿ ಹಿಂದೂಪುರಕ್ಕೆ ಸಾಗಿಸುತ್ತದೆಂದೂ ಅವನು ಕಂಡುಹಿಡಿದು, ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕಿದ. ಸಾಕ್ಷಿಯೇನು ಎಂದು ಕೇಳಿದವರಿಗೆ, ಒಂದು ಸಾಕ್ಷಿಯೂ ಸಿಗದಂತೆ ನೋಡಿಕೊಂಡಿರುವುದೇ ದೊಡ್ಡ ಸಾಕ್ಷಿ ಎಂದ. ಹಿಂದೂಪುರದಲ್ಲಿರುವ ನನ್ನ ಷಡ್ಡಕರು ಅದೇ ವಾರ ಅದೇ ವಿಡಿಯೋವನ್ನು ತೆಲುಗಿನಲ್ಲಿ ಕಳಿಸಿದರು. ಅದರಲ್ಲಿ ಅವರೂರಿನ ಮಳೆಮಾಪಕದ ಕಂಬ ಅವರ ಮೋಡಗಳನ್ನು ಚಿಕ್ಕಬಳ್ಳಾಪುರಕ್ಕೆ ಸಾಗಿಸುತ್ತಿತ್ತು. ಎರಡು ಕಂಬಗಳು ಒಂದೇ ಮೋಡವನ್ನು ಹೀಗೆ ಎಳೆದಾಡಿದರೆ ಅದು ನಡುದಾರಿಯಲ್ಲೇ ಹರಿದು ಸುರಿಯಬೇಕಿತ್ತಲ್ಲವೇ ಎಂದು ಮುರಳಿಯನ್ನು ವಿಚಾರಿಸಿದೆ.

"ಅದನ್ನೇ ಸಾರ್ ನಾನೂ ಹೇಳ್ತಿರೋದು," ಎಂದ ಅವನು, ನನ್ನ ದಡ್ಡತನಕ್ಕೆ ಮರುಗುವವನಂತೆ. "ಅವ್ರಿಗೂ ಗೊತ್ತಾಗ್ಬಾರ್ದು ಅಂತ ಉಲ್ಟಾ ಮಾಡಿ ಕಳ್ಸವ್ರೆ."

ಚಿಂತಾಮಣಿ, ಶಿಡ್ಲಘಟ್ಟದ ಕಡೆಯೂ ಈ ಸಲ ಮಳೆ ಕಡಿಮೆಯೇ ಎಂದು ಪತ್ರಿಕೆಯ ಜಿಲ್ಲಾ ಪುಟವನ್ನು ಒಯ್ದು ತೋರಿಸಿದೆ. ಪತ್ರಿಕೆ ಅವರದ್ದೇ ಅಲ್ಲವೇ ಎಂದ. ಆ 'ಅವರು' ಯಾರೆಂದು ಕೇಳಿದ್ದಕ್ಕೆ, ಅಷ್ಟು ಗೊತ್ತಿದ್ದರೆ ಅವರು ಅವರಾಗಿರುತ್ತಿದ್ದರೇ ಎಂದ. ತಮ್ಮನ್ನು ರಿಪೇರಿಗೆ ಬಿಚ್ಚಿದ ದಿನ ಅವನನ್ನು ಕರೆದುಕೊಂಡು ಹೋಗಿ, ಒಳಗಿರುವುದು ಆ ತೊಟ್ಟಿಯೊಂದೇ ಎಂದು ಕಣ್ಣಾರೆ ತೋರಿಸಿದೆ. "ಮುಚ್ಚಳ ತೆಗೆದ್ರೆ ಕಾಣೋ ಹಂಗೆ ಇಡ್ತಾರಾ ಸಾರ್ ಯಾರಾದ್ರೂ?" ಎಂದ. ನಾನು ಇನ್ನೂ ಏನೋ ಹೇಳಲು ಬಾಯಿ ತೆರೆದಾಗ ಕೊನೆಯ ಅಸ್ತ್ರವನ್ನು ಹೊರತೆಗೆದ: "ನೋಡಿ ಸಾರ್, ಪ್ರತಿ ಶನಿವಾರ ನೀವು ಆಂಜನೇಯನಿಗೆ ಸುತ್ತು ಹಾಕ್ತೀರ. ಯಾಕೆ, ಏನಕ್ಕೆ ಅಂತ ನಾನು ಯಾವತ್ತಾದ್ರೂ ಕೇಳಿದೀನಾ? ಹಂಗೇ ನನ್ನ ನಂಬಿಕೆ ನಂದು. ಸ್ವಲ್ಪ ಗೌರವ ಕೊಡಿ." ಗೌರವವೆಂಬ ಮಾತು ಬಂದೊಡನೆ ಎದುರಿನವರು ಬಾಯಿ ಮುಚ್ಚಿಕೊಳ್ಳಬೇಕೆಂಬುದು ಈಗಿನ ಶಿಷ್ಟಾಚಾರವಾದ್ದರಿಂದ ಮುಚ್ಚಿಕೊಂಡೆ.

ಆಷಾಢ ಬಂದರೂ ಹನಿ ಬೀಳದಿದ್ದಾಗ ದೇವಸ್ಥಾನದ ಜಗಲಿಯ ಮೇಲೆ ಸಭೆ ಸೇರಿತು. ತಮ್ಮನ್ನು ಬುಡಸಹಿತ ಕಿತ್ತುಹಾಕಬೇಕೆಂದು ಮುರಳಿ ಸೂಚಿಸಿದ. ಸರ್ಕಾರಿ ಸ್ವತ್ತು, ಕೇಸಾಗುತ್ತದೆ ಎಂದು ದೇವಸ್ಥಾನ ಸಮಿತಿಯ ಅಧ್ಯಕ್ಷ ಚನ್ನಕೇಶವ ಹಿಂಜರಿದರು. ಆಗ ದಾರಿ ತೋರಿಸಿದವರು ಕದಿರಮ್ಮ. ಕೆಳಗಿನ ಬೀದಿಯ ಕಡೇ ಮನೆಯ ಈ ಹಿರಿಯರು ಎರಡು ಹಸು ಸಾಕಿಕೊಂಡಿದ್ದಾರೆ. ಮಂಡಿನೋವಿನಿಂದ ದೂರದ ನೀರು ಹೊರಲಾಗದೆ ಟ್ಯಾಂಕರನ್ನೇ ನಂಬಿದವರು. ಮಳೆ ತಡವಾದ ವರ್ಷ ಕೆರೆಯ ಮಣ್ಣಿನಲ್ಲಿ ಮಳೆರಾಯನ ಮೂರ್ತಿ ಮಾಡುವವರೂ ಅವರೇ. ಅದನ್ನು ಮಣೆಯ ಮೇಲಿಟ್ಟು ಮನೆಮನೆಯ ಮುಂದೆ ಹೊತ್ತು ತಿರುಗುವುದು, ಹೆಂಗಸರು ಅದರ ಮೇಲೆ ಬಿಂದಿಗೆಯಿಂದ ನೀರು ಹುಯ್ಯುವುದು ನಮ್ಮ ಕಡೆಯ ಪದ್ಧತಿ.

"ಕಿತ್ತಾಕೋದ್ಯಾಕ್ರಪ್ಪ?" ಎಂದರು ಕದಿರಮ್ಮ. "ಈ ಸಲ ಮಳೆರಾಯನ್ನ ಅದರ ತಲೆ ಮೇಲೇ ಕೂರ್ಸಣ. ಅದು ಒಳ್ಳೇದಾದ್ರೆ ಸ್ವಾಮಿ ಅದನ್ನೂ ಕಾಯ್ತಾನೆ. ಕೆಟ್ಟದ್ದಾದ್ರೆ ಬುದ್ಧಿ ಕಲಿಸ್ತಾನೆ."

ಮಾನ್ಯರೇ, ಇಷ್ಟು ಜನರ ಇಷ್ಟು ಬಗೆಯ ನಂಬಿಕೆಗಳಿಗೆ ಒಂದೇ ಏಟಿಗೆ ಇಷ್ಟೊಂದು ಗೌರವ ಸಂದ ಸಭೆಯನ್ನು ನಾನು ಬೇರೆ ಕಂಡಿಲ್ಲ. ಭಕ್ತರು ಒಪ್ಪಿದರು, ಪಿತೂರಿಯವರು ಒಪ್ಪಿದರು, ಕೇಸಿಗೆ ಹೆದರಿದವರು ಒಪ್ಪಿದರು. ತಮ್ಮನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ, ಆಕಾಶದಲ್ಲಿ ಹತ್ತಿಯೆಳೆಯಷ್ಟು ಮೋಡವೂ ಇಲ್ಲದ ಹೊತ್ತಿನಲ್ಲಿ, ತಮ್ಮ ಆಲಿಕೆಯ ಮೇಲೆ ಅಡ್ಡಲಾಗಿ ಮಣೆಯಿಟ್ಟು ಮಳೆರಾಯನನ್ನು ಕೂರಿಸಿದರು. ಟ್ಯಾಂಕರಿನಲ್ಲಿ ಬಂದು ಮನೆಗಳಲ್ಲಿ ಉಳಿಸಿಟ್ಟ ನೀರನ್ನೇ ಹೆಂಗಸರು ಹೊತ್ತು ತಂದು ಸುರಿದರು. ಕದಿರಮ್ಮನವರು ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಆ ಮಂಡಿಗಳಲ್ಲೇ ದಿಬ್ಬ ಹತ್ತಿ ಬಂದು, ತಮ್ಮ ಪಾಲಿನ ಬಿಂದಿಗೆಗಳನ್ನು ತಾವೇ ಹುಯ್ದರು. ಮುರಳಿ ವಿಡಿಯೋ ಮಾಡಿದ. ಮೂರ್ತಿಯ ಮೇಲಿಂದ ಇಳಿದ ನೀರು ಮಣೆಯ ಎರಡೂ ಬದಿಯಿಂದ ತಮ್ಮೊಳಗೆ ಹೋಯಿತು. ತಾವು ಒಂದು ಹನಿಯನ್ನೂ ಮರೆಮಾಚದೆ ಎಲ್ಲವನ್ನೂ ಮೇಲಕ್ಕೆ ವರದಿ ಮಾಡಿದಿರಿ. ವರ್ಷವಿಡೀ ನಮ್ಮ ಹೋಬಳಿಗೆ ಬೀಳುವಷ್ಟು ಮಳೆಯನ್ನು ಒಂದೇ ಬೆಳಿಗ್ಗೆ ಕಂಡು ಮೇಲಿನವರು ಬೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಮಂಗಳಾರತಿ ಮುಗಿಯುವ ಮೊದಲೇ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು: ನಮ್ಮ ಗ್ರಾಮದಲ್ಲಿ ಅತಿ ಭಾರಿ ಮಳೆಯಾಗುತ್ತಿದೆ, ತಗ್ಗು ಪ್ರದೇಶದವರು ಕೂಡಲೇ ಸುರಕ್ಷಿತ ಸ್ಥಳಕ್ಕೆ ತೆರಳಬೇಕು.

ಯಾರೋ ಓದಿ ಹೇಳಿದಾಗ ಕದಿರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು ಮೇಲೆ ನೋಡಿದರು. "ತಗ್ಗಲ್ಲಿರೋದು ನಮ್ಮನೇನೇ ಅಲ್ವೇನಪ್ಪ? ಹಸು ಬಿಚ್ಚಬೇಕಾ ಹಂಗಾದ್ರೆ?"

ಮರುದಿನ ಕಚೇರಿಯಿಂದ ಜೀಪು ಬಂತು. ಒದ್ದೆಯಾಗದ ನಮ್ಮ ತಲೆಗಳ ಮೇಲೆ ಹೊದೆಯಲು ಟಾರ್ಪಾಲನ್ನೂ, ತುಂಬಿ ಹರಿದ ನಮ್ಮ ಬಾವಿಗಳನ್ನು ಶುದ್ಧಿ ಮಾಡಲು ಬ್ಲೀಚಿಂಗ್ ಪುಡಿಯನ್ನೂ ಇಳಿಸಿ ಹೋಯಿತು. ಟ್ಯಾಂಕರ್ ಬರಲಿಲ್ಲ. ಡ್ರೈವರಿಗೆ ಫೋನು ಮಾಡಿದರೆ, "ನಿಮ್ಮೂರು ಮುಳುಗೋಗೈತಂತಲ್ಲ ಸಾರ್, ಲಾರಿ ಹೋಗಂಗಿಲ್ಲ ಅಂದವ್ರೆ. ಜ್ವಾಪಾನ ಕಣ್ರಪ್ಪ," ಎಂದು ಕಕ್ಕುಲಾತಿಯಿಂದ ಹೇಳಿದ. ಕದಿರಮ್ಮ ಹೆದ್ದಾರಿಯಾಚೆಯ ದ್ರಾಕ್ಷಿ ತೋಟದಿಂದ ಕೊಡ ಹೊತ್ತು ಮೂರು ಕಡೆ ಕೂತು ಎದ್ದು ಬರತೊಡಗಿದರು. ಹಸುಗಳು ಒಂದು ಕೊಡವನ್ನು ಒಂದೇ ಉಸಿರಿಗೆ ಮುಗಿಸಿ ಅವರ ಮುಖ ನೋಡುತ್ತಿದ್ದವು.

ಇಷ್ಟಾದ ಮೇಲೆ ಊರಿನವರು ಹೋಗಿ, ಅದು ಮಳೆಯಲ್ಲ, ನಾವೇ ಸುರಿದ ನೀರು ಎಂದು ಒಂದು ಮಾತು ಹೇಳಿಬರುತ್ತಾರೆಂದು ತಾವು ತಿಳಿದಿರಬಹುದು. ತಾವು ಯಂತ್ರ, ತಿಳಿಯುವುದು ಸಹಜ. ಕಂಬ ಸುಳ್ಳು ಹೇಳಿ ಟ್ಯಾಂಕರ್ ನಿಲ್ಲಿಸಿತು, ತನ್ನ ಮಾತು ಋಜುವಾಯಿತು ಎಂದು ಮುರಳಿ ಇನ್ನೊಂದು ವಿಡಿಯೋ ಹಾಕಿದ. ಚನ್ನಕೇಶವ ದೇವಸ್ಥಾನದ ಮುಂದೆ 'ಯಂತ್ರವೇ ಒಪ್ಪಿದ ಮಳೆರಾಯ' ಎಂಬ ಬ್ಯಾನರ್ ಕಟ್ಟಿಸಿದರು. ಶಿಡ್ಲಘಟ್ಟದಿಂದ ಎರಡು ವ್ಯಾನುಗಳಲ್ಲಿ ಜನ ಬಂದು ಒಣಗಿದ ದಿಬ್ಬಕ್ಕೆ ಕೈಮುಗಿದು ಹೋದರು. ತಾವು ಬಿದ್ದ ನೀರನ್ನು ಸುಮ್ಮನೆ ಅಳೆದಿರಿ ಎಂದರೆ ಮುರಳಿಯ ಪಿತೂರಿ ಉಳಿಯುವುದಿಲ್ಲ. ಮಳೆ ಬರಲಿಲ್ಲ ಎಂದರೆ ಸಮಿತಿಯ ಪವಾಡ ಉಳಿಯುವುದಿಲ್ಲ. ಹಾಗಾಗಿ ಒಬ್ಬರ ಮುಖ ಒಬ್ಬರು ನೋಡದಿದ್ದ ಇಬ್ಬರೂ ಒಂದೇ ಬೈಕಿನಲ್ಲಿ ನನ್ನ ಮನೆಗೆ ಬಂದು, ತಂತಮ್ಮ ನಂಬಿಕೆಗಳಿಗೆ ಗೌರವ ಕೊಟ್ಟು ಸುಮ್ಮನಿರಬೇಕೆಂದು ವಿನಂತಿಸಿಕೊಂಡರು. ಅವರಿಬ್ಬರ ಮನೆಯಲ್ಲೂ ಇನ್ನೂ ಬತ್ತದ ಸ್ವಂತ ಬೋರ್‌ವೆಲ್‌ ಇದೆ ಎಂಬುದನ್ನು ಇಲ್ಲಿ ಹೇಳುವುದು ಅಗೌರವವಾದೀತೆಂದು ಹೇಳದೆ ಬಿಡುತ್ತೇನೆ.

ಸುಮ್ಮನಿರದವರು ಕದಿರಮ್ಮ. ಕಚೇರಿಗೆ ಜೊತೆಯಲ್ಲಿ ಬರುತ್ತೀರಾ ಎಂದು ಅವರು ನನ್ನನ್ನು ಕೇಳಿದ್ದು ಚನ್ನಕೇಶವರ ಕಿವಿಗೆ ಬಿದ್ದು, ಅವರು ಓಡಿಬಂದರು.

"ಏನಮ್ಮಾ, ಮೂರ್ತಿ ಮಾಡಿದೋಳು ನೀನು. ನೀನೇ ಹೋಗಿ ಸ್ವಾಮಿ ಮಳೆ ಕೊಡ್ಲಿಲ್ಲ ಅಂತೀಯಾ?"

"ಕೊಟ್ಟಾಗ ಕೊಟ್ಟ ಅಂತೀನಿ ಕಣಪ್ಪ. ಕೊಡ್ದೇ ಇರೋದನ್ನ ಕೊಟ್ಟ ಅಂದ್ಬಿಟ್ರೆ, ನಾಳೆ ಯಾವ ಮುಖ ಇಟ್ಕಂಡು ಮತ್ತೆ ಕೇಳ್ಲಿ?"

ನಂಬಿಕೆಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಓದಿದವನು ನಾನು. ಎಲ್ಲ ನಂಬಿಕೆಗಳನ್ನೂ ಒಂದೇ ತೂಕಕ್ಕೆ ಹಾಕಿ ಒಂದೇ ಅಳತೆಯ ಗೌರವ ಹಂಚಬೇಕೆಂದು ತಿಳಿದಿದ್ದೆ. ಆದರೆ ಮಳೆ ಬಾರದಿದ್ದಾಗ ಕದಿರಮ್ಮ ತನ್ನಿಂದೇನು ತಪ್ಪಾಯಿತೆಂದು ಹುಡುಕುತ್ತಾರೆ, ಉಪವಾಸ ಕೂರುತ್ತಾರೆ, ತಾವೇ ಬಿಂದಿಗೆ ಹೊರುತ್ತಾರೆ. ಮುರಳಿ ಯಾರಿಂದ ತಪ್ಪಾಯಿತೆಂದು ಹುಡುಕುತ್ತಾನೆ; ಅವನ ನಂಬಿಕೆಗೆ ಬೇಕಾದ ನೀರನ್ನೆಲ್ಲ ಬೇರೆಯವರು ಹೊರುತ್ತಾರೆ. ಇವೆರಡಕ್ಕೂ ಒಂದೇ ಹೆಸರಿಟ್ಟವರು ಯಾರೆಂದು ನನಗೆ ತಿಳಿಯದು. ಬಹುಶಃ ಮುರಳಿಯ ಆ 'ಅವರೇ' ಇರಬೇಕು.

ಕಚೇರಿಯಲ್ಲಿ ಟ್ಯಾಂಕರ್ ವಿಭಾಗ ನೋಡಿಕೊಳ್ಳುವ ತನುಜ ಎಂಬ ಅಧಿಕಾರಿ ನಮ್ಮನ್ನು ಕೂರಿಸಿ, ಎಲ್ಲವನ್ನೂ ಕೇಳಿಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅಮ್ಮ, ಇದು ದೇವರ ವಿಷ್ಯ. ಅದು ಮಳೆ ಅಲ್ಲ ಅಂತ ನಾನು ಬರೆದ್ರೆ, ಭಾವನೆಗೆ ಧಕ್ಕೆ ಆಯ್ತು ಅಂತ ನಾಳೆ ನಿಮ್ಮೂರೋರೇ ಬಂದು ಇಲ್ಲಿ ಕೂರಲ್ವಾ?"

"ಮಳೆ ಅಲ್ಲ ಅಂತ ನೀನ್ಯಾಕಮ್ಮ ಬರೀತೀಯ? ಕದಿರಮ್ಮ ಅನ್ನೋ ಮುದುಕಿ ಬಿಂದಿಗೇಲಿ ಹುಯ್ದಿದ್ದು ಅಂತ ಬರಿ. ದೇವ್ರು ನನ್ನ ಮೇಲೆ ಕೇಸ್ ಹಾಕಲ್ಲ ಬಿಡು."

ತನುಜ ನಕ್ಕು ಹಾಗೆಯೇ ಬರೆದರು. ಟ್ಯಾಂಕರ್ ಮರುದಿನ ಬಂತು. ಮೊದಲ ನೀರು ಹಿಡಿದವರ ಸಾಲಿನಲ್ಲಿ ಸಮಿತಿಯ ಸದಸ್ಯರೂ ಇದ್ದರು.

ಈಗ ನನ್ನ ದೂರಿಗೆ ಬರುತ್ತೇನೆ. ಮೇಲೆ ಕೂತವರು ಯಾರು, ಸುರಿದವರು ಯಾರು ಎಂದು ವಿಚಾರಿಸದೆ, ಬಿದ್ದದ್ದನ್ನು ಬಿದ್ದಷ್ಟೇ ಹೇಳುವ ಚಾಳಿ ತಮಗಿದೆ. ಒಂದು ಊರಿನಲ್ಲಿ ನಾಲ್ಕು ಜನರೊಂದಿಗೆ ಬಾಳಬೇಕೆಂದಿದ್ದರೆ ಇದನ್ನು ತಾವು ಬಿಡಲೇಬೇಕು. ಇನ್ನು ಮುಂದೆ ಆಲಿಕೆಗೆ ಬಿದ್ದದ್ದು ಮೋಡದ ನೀರೋ, ಹರಕೆಯ ನೀರೋ, ನಲ್ಲಿಯ ನೀರೋ ಎಂದು ರುಚಿ ನೋಡಿ ತಿಳಿಯುವ ನಾಲಿಗೆಯೊಂದನ್ನು ದಯವಿಟ್ಟು ಬೆಳೆಸಿಕೊಳ್ಳಬೇಕು. ತಿಂಗಳಿಗೆ ಒಂದಾದರೂ ಸಣ್ಣ ಪಿತೂರಿ ಮಾಡಿ ಮುರಳಿಯ ಫೋನಿಗೆ ತಾವಾಗಿಯೇ ತಪ್ಪೊಪ್ಪಿಗೆ ಕಳಿಸಬೇಕು. ಇಷ್ಟು ನಂಬಿದವನ ಮುಂದೆ ಇಷ್ಟೊಂದು ನಿರಪರಾಧಿಯಾಗಿ ನಿಲ್ಲುವುದು ಸೌಜನ್ಯವಲ್ಲ. ಸಮಿತಿಯವರಿಗೆ ಹಬ್ಬದ ದಿನಗಳಲ್ಲಿ ನಾಲ್ಕು ಹನಿ ಹೆಚ್ಚು ತೋರಿಸಬೇಕು. ಇದ್ಯಾವುದೂ ಆಗದಿದ್ದರೆ, ಆ ಕೆಂಪು ದೀಪವನ್ನಾದರೂ ಹಸಿರು ಮಾಡಿಸಿಕೊಳ್ಳಿ. ಹಸಿರು ದೀಪದ ಪಿತೂರಿಯನ್ನು ಹೊಸದಾಗಿ ಕಟ್ಟಲು ಅವನಿಗೆ ಒಂದೆರಡು ವಾರವಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ನಾವು ನೆಮ್ಮದಿಯಾಗಿರುತ್ತೇವೆ.

ಊರಿನಲ್ಲಿ ಸದ್ಯಕ್ಕೆ ಯಾರ ನಂಬಿಕೆಯನ್ನೂ ನೋಯಿಸದೆ ಉಳಿದಿರುವ,

ತಮ್ಮ ವಿಶ್ವಾಸಿ,
ಪುಟ್ಟಸ್ವಾಮಯ್ಯ

ತಾ.ಕ.: ಇದನ್ನು ಮುಗಿಸಿದ ಮೇಲೆ ನಮ್ಮೂರಿಗೆ ನಿಜವಾಗಿಯೂ ಎರಡು ಸಲ ಜೋರು ಮಳೆ ಬಿತ್ತು, ಊರ ಕುಂಟೆ, ಅಂದರೆ ಸಣ್ಣ ಕೆರೆ, ತುಂಬಿ ಪಕ್ಕದ ತೆರೆದ ಬಾವಿಯಲ್ಲಿ ನೀರು ನಿಂತಿದೆ. ಆದರೆ ಕರಗಿದ ಮಳೆರಾಯನ ಮಣ್ಣು ತಮ್ಮ ಗಂಟಲಿನಲ್ಲಿ ಗಟ್ಟಿಯಾಗಿ ಕೂತಿರುವ ಕಾರಣ ತಾವು ಕಚೇರಿಗೆ ಸೊನ್ನೆಯನ್ನೇ ಕಳಿಸುತ್ತಿದ್ದೀರಿ, ಟ್ಯಾಂಕರ್ ತಪ್ಪದೆ ಬರುತ್ತಿದೆ. ತಮ್ಮ ಬಗ್ಗೆ ಮುರಳಿಗೆ ಈಗ ಯಾವ ತಕರಾರೂ ಇಲ್ಲ. ಇಂದು ಬೆಳಿಗ್ಗೆ ಕದಿರಮ್ಮ ಒಗೆದ ಸೀರೆಯುಟ್ಟು, ಈ ಸಲ ಮಳೆ ಬಂದದ್ದು ನಿಜವೆಂದು ಹೇಳಿಬರಲು ಕಚೇರಿಗೆ ಹೋಗುವ ಬಸ್ಸಿಗೆ ನಿಂತಿದ್ದಾಗ, ಅವನೂ ಚನ್ನಕೇಶವರೂ ಎರಡು ಪಕ್ಕದಲ್ಲಿ ನಿಂತು, "ಅಮ್ಮಾ, ಬರೋ ನೀರನ್ನ ಯಾಕೆ ಬೇಡ ಅಂತೀಯಾ? ಊರೋರ ಭಾವನೆಗೆ ಸ್ವಲ್ಪ ಗೌರವ ಕೊಡು," ಎಂದು ಕೈಮುಗಿದರು. "ದಾರಿ ಬಿಡ್ರಪ್ಪ," ಎಂದರು ಆಕೆ. "ಪಕ್ಕದೂರಿಗೆ ಟ್ಯಾಂಕರ್ ನಿಂತೋಗೈತೆ. ಅವ್ರೂ ಮಳೆರಾಯನ್ನ ಕಂಬದ ಮೇಲೇ ಕೂರ್ಸವ್ರಂತೆ, ನಿಮ್ಮ ಬ್ಯಾನರ್ ನೋಡಿ."