ಬೇವಿನ ಮರದ ಹಿಂದಿನ ಖಾಸಗಿ ತರಬೇತಿ

ನಮ್ಮ ಹುಬ್ಬಳ್ಳಿಯ ದೋಣಿ ಕ್ಲಬ್ಬಿನಲ್ಲಿ ಕೋಚ್ ಸಾಹೇಬರು ಬಾಯಿ ತೆರೆದ ದಿನವೆಲ್ಲ ನಗುವಂಥದ್ದು ಒಂದಾದರೂ ನಡೆದೇ ತೀರುತ್ತಿತ್ತು.

ಮೊದಲು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ತಿಳಿಯಲಿಕ್ಕಿಲ್ಲ. ನಾವು ನಾಲ್ವರು ಒಂದೇ ದೋಣಿಯಲ್ಲಿ ಸಾಲಾಗಿ ಕುಳಿತು ಹುಟ್ಟು ಹಾಕುವವರು: ಕಾಳಿನ ವ್ಯಾಪಾರದ ಸಾವ್ಕಾರರು, ಲಾರಿ ರಿಪೇರಿಯ ಭಾಯ್, ಗೋಪನಕೊಪ್ಪದ ಮಾಸ್ತರು ಮತ್ತು ಅರಿವೆ ಅಂಗಡಿಯ ನಾನು. ಹುಟ್ಟು ಎಂದರೆ ನೀರನ್ನು ತಳ್ಳುವ ಉದ್ದನೆಯ ಕೋಲು. ನಾಲ್ಕೂ ಒಂದೇ ಕ್ಷಣಕ್ಕೆ ನೀರಿಗೆ ಬೀಳಬೇಕು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವರ್ಷಕ್ಕೊಮ್ಮೆ ಧಾರವಾಡದ ಮಾಳಮಡ್ಡಿಯವರೊಡನೆ ಪಂದ್ಯ. ಸೋತವರು ಗೆದ್ದವರಿಗೆ ಹೋಳಿಗೆ ಊಟ ಬಡಿಸಬೇಕು. ಬಡಿಸುವುದು ಕಷ್ಟವಲ್ಲ. "ಪಾಪ, ದಣದೀರಿ, ಸಾವಕಾಶ ನೀಡ್ರಿ" ಎಂದು ಅವರು ಮರ್ಯಾದೆಯಿಂದ ಅನ್ನುತ್ತಾರಲ್ಲ, ಅದನ್ನು ಕೇಳಿಸಿಕೊಳ್ಳುವುದು ಕಷ್ಟ. ಹೋದ ವರ್ಷ ಕೇಳಿಸಿಕೊಂಡಿದ್ದೆವು. ಇನ್ನೊಮ್ಮೆ ಬೇಡವೆಂದೇ ಈ ಕೋಚನ್ನು ಹಿಡಿದು ತಂದದ್ದು. ಅವರ ಬೋರ್ಡಿನ ಮೇಲೆ ‘ಒಬ್ಬೊಬ್ಬರಿಗೂ ಅವರವರ ಮೈಕಟ್ಟಿಗೆ ತಕ್ಕ ತರಬೇತಿ’ ಎಂದು ಬರೆದಿತ್ತು.

ಸರಾಸರಿ ಕಾಲು

ದೋಣಿಯಲ್ಲಿ ಪಾದ ಊರಲು ಹಲಗೆ ಇರುತ್ತದೆ. ಕಾಲಿನ ಉದ್ದ ನೋಡಿ ಅದನ್ನು ಹಿಂದೆ ಮುಂದೆ ಸರಿಸಬೇಕು. ಕೋಚ್ ನಾಲ್ಕನ್ನೂ ಒಂದೇ ಅಂತರದಲ್ಲಿ ಬಿಗಿದಿದ್ದರು. ಆರಡಿ ಸಾವ್ಕಾರರ ಮೊಣಕಾಲು ಗದ್ದಕ್ಕೆ ಬಡಿಯಿತು. ಗಿಡ್ಡ ಭಾಯ್‌ನ ಪಾದ ಹಲಗೆಗೆ ಮುಟ್ಟಲೇ ಇಲ್ಲ.

"ಸರ, ನಮ್ಮಿಬ್ಬರಿಗೂ ಒಂದ ಅಳತಿ ಹೆಂಗ್ರಿ?" ಎಂದ ಭಾಯ್.

"ಸರಾಸರಿ ತಗದೇನಿ. ಅದ ಬರೋಬ್ಬರಿ."

ಭಾಯ್ ದಂಡೆಗೆ ಹೋಗಿ ತನ್ನ ಚಪ್ಪಲಿಯನ್ನೂ ಸಾವ್ಕಾರರ ಚಪ್ಪಲಿಯನ್ನೂ ತಂದು ಕೋಚ್ ಮುಂದಿಟ್ಟ. "ಇವನ್ನೂ ಸರಾಸರಿ ಮಾಡಿ ಕೊಡ್ರಿ ಸರ. ಇಬ್ಬರೂ ಕುಂಟಕೋತ ಮನಿಗೆ ಹೋಗ್ತೇವಿ."

ಒಂದೇ ಔಷಧ

ಅಂದಿನಿಂದ ಕೋಚ್ ನಮ್ಮ ಕಡೆ ನೋಡುವುದನ್ನೇ ಬಿಟ್ಟು ಮೊಬೈಲ್ ನೋಡತೊಡಗಿದರು. ಆದರೆ ಉತ್ತರ ಮಾತ್ರ ತಪ್ಪದೆ ಕೊಡುತ್ತಿದ್ದರು.

"ಸರ, ಎಡಭುಜ ನೋಯಾಕತ್ತೇತಿ," ಎಂದರು ಮಾಸ್ತರು.

"ಕಾಲಿಂದ ನೂಕ್ರಿ."

"ನನಗ ಉಸಿರು ಸಾಲವಲ್ದು," ಎಂದರು ಸಾವ್ಕಾರರು.

"ಕಾಲಿಂದ ನೂಕ್ರಿ."

ನನಗೆ ಅನುಮಾನ ಬಂತು. "ಸರ, ನಾಳೆ ಬಸುರಿ ತಂಗಿಗೆ ಕುಬಸದ ಕಾರ್ಯ ಐತಿ, ಬರಾಕ ಆಗೂದಿಲ್ಲ."

"ಅದಕ್ಕೂ ಕಾಲಿಂದನ ನೂಕ್ರಿ."

ಗುಟ್ಟು

ಪಂದ್ಯದ ಮುಂಜಾನೆ ಕೋಚ್ ಒಬ್ಬೊಬ್ಬರನ್ನೇ ಕೆರೆ ದಂಡೆಯ ಬೇವಿನ ಮರದ ಹಿಂದೆ ಕರೆದರು. ನನ್ನ ಸರದಿ ಕೊನೆಗೆ. ಕಿವಿಯಲ್ಲಿ ಹೇಳಿದರು: "ಇದು ನಿಮಗೊಬ್ಬರಿಗೆ. ಉಳಿದ ಮೂವರೂ ಭಾಳ ಮಂದ ಅದಾರ. ಅವರ ದಾರಿ ನೋಡಬ್ಯಾಡ್ರಿ, ಒಂಚೂರು ಮೊದಲ ಎಳದಬಿಡ್ರಿ. ಯಾರ ಮುಂದೂ ಅನಬ್ಯಾಡ್ರಿ."

ಕೊನೆಗೂ ಬೋರ್ಡಿನ ಮಾತು ನಿಜವಾಯಿತೆಂದು ನನಗೆ ಹಿಗ್ಗು. ದೋಣಿಯಲ್ಲಿ ಮೂವರೂ ಮುಗುಳ್ನಗುತ್ತ ಕುಳಿತಿದ್ದರು. ಪಾಪ, ತಾವು ಮಂದವೆಂದು ಇವರಿಗೇನು ಗೊತ್ತು ಎಂದುಕೊಂಡೆ.

ಸೀಟಿ ಊದಿದರು. ನಾಲ್ಕು ಹುಟ್ಟು ನಾಲ್ಕು ಹೊತ್ತಿಗೆ ನೀರಿಗೆ ಬಿದ್ದು ಒಂದಕ್ಕೊಂದು ಬಡಿದವು. ದೋಣಿ ಗರಗರ ತಿರುಗಿ ಹೊರಟ ದಂಡೆಗೇ ಮುಖ ಮಾಡಿ ನಿಂತಿತು.

"ಮಾಸ್ತರ, ಯಾಕ್ರಿ ಅವಸರ?" ಎಂದು ಗದರಿದರು ಸಾವ್ಕಾರರು.

"ನೀವು ಮಂದ ಅದೀರಂತ ಸರ ಹೇಳ್ಯಾರ."

"ನಾನ? ನೀವು ಮಂದ ಅಂತ ನನಗ ಹೇಳ್ಯಾರ."

ಭಾಯ್ ನನ್ನ ಕಡೆ ತಿರುಗಿ ನೋಡಿದ. ನಾನು ನೀರು ನೋಡಿದೆ.

ಅತ್ತ ಮಾಳಮಡ್ಡಿಯವರು ಗೆದ್ದೂ ಆಗಿತ್ತು. ಅವರಿಗೆ ಕಲಿಸಿದವರು ನಿವೃತ್ತ ವ್ಯಾಯಾಮ ಶಿಕ್ಷಕಿ, ಎಲ್ಲರೂ ಅಕ್ಕೋರು ಎನ್ನುತ್ತಾರೆ. ಅವರು ಒಬ್ಬನಿಗೆ ಹಲಗೆ ಸರಿಸಿ, ಇನ್ನೊಬ್ಬನಿಗೆ ಭುಜ ತಿದ್ದಿ, ಮತ್ತೊಬ್ಬನಿಗೆ ಉಸಿರು ಕಲಿಸಿದ್ದರಂತೆ. ಬೋರ್ಡು ಮಾತ್ರ ಹಾಕಿರಲಿಲ್ಲ.

ಮಧ್ಯಾಹ್ನ ಹೋಳಿಗೆ ಬಡಿಸಿದೆವು. "ಪಾಪ, ದಣದೀರಿ" ಕೇಳಿಸಿಕೊಂಡೆವು. ಕೋಚ್ ಗೆದ್ದವರ ಪಂಕ್ತಿಯಲ್ಲೇ ಕುಳಿತು ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮಾಳಮಡ್ಡಿಯ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ನಮ್ಮ ಅಕ್ಕೋರು ಮುಂದಿನ ವರ್ಷ ಬರೂದಿಲ್ಲಂತ್ರಿ. ನಿಮ್ಮ ಕೋಚ್ ಹೆಂಗ ಅದಾರ?"

ಮೂಲೆಮೂಲೆಯಲ್ಲಿ ಬಡಿಸುತ್ತಿದ್ದ ನಾವು ನಾಲ್ವರೂ, ಒಬ್ಬರು ಇನ್ನೊಬ್ಬರಿಗಿಂತ ಒಂಚೂರೂ ಮೊದಲಾಗದೆ, ಒಂದೇ ಕ್ಷಣಕ್ಕೆ ಹೇಳಿದೆವು:

"ಕರಕೊಂಡ ಹೋಗ್ರಿ."